ಗೆಟ್ಟಿಸ್‌ಬರ್ಗಿನಲ್ಲಿ ನಾನು ಹುಟ್ಟಿಸಿದ ಸಿಪಾಯಿ

ಗೆಟ್ಟಿಸ್‌ಬರ್ಗಿನ ಸ್ಮಶಾನದಲ್ಲಿ ಧಾರವಾಡದ ಕಡೆಯ ಸಿಪಾಯಿ ಯಾರೂ ಮಲಗಿಲ್ಲ. ಮಲಗಿದ್ದಾನೆ ಎಂದು ಹೇಳಿದವನು ನಾನು. ಹೇಳಿ ಆರು ವರ್ಷವಾಯಿತು. ಅದನ್ನು ನಂಬಿದವರು ನನ್ನ ಮಾವ, ಹೆಂಡತಿ ಸುಧಾಳ ತಂದೆ, ವೆಂಕೋಬರಾವ್ ಮಾಸ್ತರು. ನಂಬಿ, ತಾವು ಜೀವಮಾನವಿಡೀ ಗಳಿಸಿದ ಹೆಸರನ್ನು ನಾಲ್ಕು ಜನರ ಮುಂದೆ ಕಳೆದುಕೊಂಡವರೂ ಅವರೇ. ನಾನು ಅದನ್ನು ದೂರದ ಮಿಲ್ಟನ್ನಿನ ನಮ್ಮ ಮನೆಯಲ್ಲಿ ಕುಳಿತು, ಚಹಾ ಕುಡಿಯುತ್ತ, ಸುಧಾ ಹೇಳುವಾಗ ಕೇಳಿಸಿಕೊಂಡೆ. ಬಾಯಿ ಬಿಡಲಿಲ್ಲ.

ಮಾವನವರು ಧಾರವಾಡದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದವರು. ಅಮೆರಿಕದ ಅಂತರ್ಯುದ್ಧ ಪಠ್ಯದಲ್ಲಿ ಇದ್ದದ್ದು ಎರಡು ಪುಟ. ಇವರು ಅದಕ್ಕೆ ಒಂದು ವಾರ ತೆಗೆದುಕೊಳ್ಳುತ್ತಿದ್ದರಂತೆ. ಬೋರ್ಡಿನ ಮೇಲೆ, ಆ ಯುದ್ಧದ ದೊಡ್ಡ ಕಾಳಗ ನಡೆದ ಗೆಟ್ಟಿಸ್‌ಬರ್ಗಿನ ದಿಬ್ಬ, ಗೋಧಿ ಹೊಲ, ಪೀಚ್ ಹಣ್ಣಿನ ತೋಟ, ಕಲ್ಲಿನ ಗೋಡೆ — ಎಲ್ಲವನ್ನೂ ಸುಣ್ಣದ ಕಡ್ಡಿಯಲ್ಲಿ ಬರೆದು ತೋರಿಸುತ್ತಿದ್ದರು. ಗುಲಾಮಗಿರಿ ಇರಬೇಕೋ ಹೋಗಬೇಕೋ ಎಂದು ಒಂದೇ ದೇಶದ ಮಂದಿ ಹೊಡೆದಾಡಿಕೊಂಡು ಸತ್ತದ್ದನ್ನು ಮಾತ್ರ ಕಡ್ಡಿ ಕೆಳಗಿಟ್ಟು ಹೇಳುತ್ತಿದ್ದರಂತೆ. ಸುಧಾ ಈಗಲೂ ಚೇಷ್ಟೆ ಮಾಡುತ್ತಾಳೆ: "ನಮ್ಮ ಮನಿಯೊಳಗ ಗೋಕಾಕ ಫಾಲ್ಸ್ ಒಬ್ರೂ ನೋಡಿಲ್ರೀ. ಗೆಟ್ಟಿಸ್‌ಬರ್ಗ್ ಮಾತ್ರ ಎಲ್ಲಾರಿಗೂ ಬಾಯಿಪಾಠ."

ಆ ಬೇಸಿಗೆ ಅವರು ನಮ್ಮಲ್ಲಿಗೆ ಬಂದಾಗ ನೋಡಬೇಕೆಂದದ್ದು ಅದೊಂದೇ ಜಾಗ. ನಾವಿರುವ ಮಿಲ್ಟನ್ ಅಮೆರಿಕದ ಉತ್ತರ ಗಡಿಯ ಆಚೆ, ಬೇರೆ ದೇಶದಲ್ಲಿ; ಅದಕ್ಕೆಂದೇ ಅಮೆರಿಕದ ವೀಸಾ ಕೂಡ ಮಾಡಿಸಿಕೊಂಡು ಬಂದಿದ್ದರು. ಸಂದರ್ಶನದಲ್ಲಿ ಯಾಕೆ ಹೋಗುತ್ತೀರಿ ಎಂದು ಅಧಿಕಾರಿ ಕೇಳಿದ್ದೇ ತಡ, ಅವನಿಗೇ ಐದು ನಿಮಿಷ ಪಾಠ ಮಾಡಿದರಂತೆ. ನಯಾಗರಾ ತೋರಿಸಲೇ ಎಂದರೆ, "ನೀರು ಎಲ್ಲಾ ಕಡೆ ಬೀಳ್ತದ್ರೀ, ಇರ್ಲಿ," ಎಂದು ಬಿಟ್ಟರು. ನಾನು ಮಾತ್ರ ವಾರದಿಂದ ವಾರಕ್ಕೆ ಮುಂದೂಡುತ್ತ ಹೋದೆ. ಒಂದು ವಾರ ವೇರ್‌ಹೌಸಿನಲ್ಲಿ ಶಿಫ್ಟು, ಇನ್ನೊಂದು ವಾರ ಮಗಳ ಸಾಕರ್, ಮತ್ತೊಂದು ವಾರ — ಏನೂ ಇರಲಿಲ್ಲ, ಸುಮ್ಮನೆ ಬೇಜಾರು. ಕೊನೆಗೆ ಆಗಸ್ಟಿನ ಲಾಂಗ್ ವೀಕೆಂಡಿಗೆ ಹೊರಟೆವು. ಹೊರಡುವ ಮೊದಲು ಮಗಳು ಅನುಗೆ ಮಾತು ಕೊಟ್ಟಿದ್ದೆ: ತಾತನದು ಮುಗಿದ ಕೂಡಲೇ ಅಲ್ಲೇ ಹತ್ತಿರದ ಔಟ್‌ಲೆಟ್ ಮಾಲಿಗೆ ಹೋಗಿ ಅವಳಿಗೆ ಶೂ ಕೊಡಿಸುತ್ತೇನೆ ಎಂದು. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಆ ಸುಳ್ಳು ಹುಟ್ಟಿದ್ದು ಇಷ್ಟು ಸಣ್ಣ ಜಾಗದಲ್ಲಿ.

ರಣಭೂಮಿಯಲ್ಲಿ ಮಾವನವರಿಗೆ ನಕ್ಷೆ ಬೇಕಾಗಲಿಲ್ಲ. ಅವರು ಕಲ್ಲಿನ ಗೋಡೆಯ ಹತ್ತಿರ ನಿಂತು, ಎದುರಿನ ಬಯಲನ್ನು ಕೈಯಿಂದ ಅಳೆಯುತ್ತ, "ಅಗಾ ಅಲ್ಲಿಂದ ಬಂದ್ರು, ಇಷ್ಟೂ ಬಯಲು ನಡಕೋತ ಬಂದ್ರು, ಅಡಗಲಿಕ್ಕೆ ಗಿಡ ಇಲ್ಲ, ಗಂಟಿ ಇಲ್ಲ," ಎಂದು ತೋರಿಸಿದರು. ಸುತ್ತಲಿನ ಪ್ರವಾಸಿಗಳು ನಿಂತು ಕೇಳಿದರು. ಒಬ್ಬ ಹಿರಿಯ ಅಮೆರಿಕನ್ ನೀವು ಪ್ರೊಫೆಸರೇ ಎಂದು ವಿಚಾರಿಸಿದ. "ನೋ ಸರ್, ಹೈಸ್ಕೂಲ್," ಎಂದರು ಮಾವನವರು, ಎದೆಯುಬ್ಬಿಸಿ. ಒಂದು ತಾಸು ನನಗೂ ಹೆಮ್ಮೆಯಾಯಿತು. ಆಮೇಲೆ ಬಿಸಿಲು ನೆತ್ತಿಗೇರಿತು. ಅವರು ಒಂದು ಸ್ಮಾರಕವನ್ನೂ ಓದದೆ ಬಿಡುತ್ತಿರಲಿಲ್ಲ, ನಾನು ಗಡಿಯಾರ ನೋಡುವುದನ್ನು ಬಿಡುತ್ತಿರಲಿಲ್ಲ.

ಸ್ಮಶಾನಕ್ಕೆ ಬಂದಾಗ ನಾಲ್ಕು ದಾಟಿತ್ತು. ಅಲ್ಲಿ ಹೆಸರಿರುವ ಸೈನಿಕರ ಕಲ್ಲುಗಳ ಜೊತೆಗೆ ಹೆಸರಿಲ್ಲದವರ ಕಲ್ಲುಗಳಿವೆ. ಅಂಗೈಯಗಲದ ಚೌಕ ಕಲ್ಲು, ನೆಲಮಟ್ಟಕ್ಕೆ ಹೂತದ್ದು, ಅದರ ಮೇಲೆ ಬರೀ ಒಂದು ನಂಬರು. ಸಾಲಿನ ಮೇಲೆ ಸಾಲು. ಮಾವನವರ ಪಾಠ ಅಲ್ಲಿ ನಿಂತುಹೋಯಿತು. ಚಪ್ಪಲಿ ಬಿಟ್ಟು, ಹುಲ್ಲಿನ ಮೇಲೆ ಬರಿಗಾಲಲ್ಲಿ ಒಂದೊಂದೇ ನಂಬರು ಓದುತ್ತ ಹೋದರು.

ನಮ್ಮ ಕಡೆಯವರಿಗೆ ಒಂದು ಚಟವಿದೆ. ಎಲ್ಲಿಗೆ ಹೋದರೂ ಮೊದಲು ಕೇಳುವುದು, ನಮ್ಮವರು ಯಾರಾದರೂ ಇದ್ದಾರೆಯೇ? ಮಿಲ್ಟನ್ನಿಗೆ ಬಂದ ಮೂರನೆಯ ದಿನವೇ ಮಾವನವರು ನಮ್ಮ ಬೀದಿಯಲ್ಲಿ ಬೆಳಗಾವಿಯವರೊಬ್ಬರನ್ನು ಹುಡುಕಿ ತೆಗೆದಿದ್ದರು. ನಾಲ್ಕು ವರ್ಷದಿಂದ ಅಲ್ಲಿದ್ದ ನನಗೇ ಗೊತ್ತಿರಲಿಲ್ಲ. ಸತ್ತವರ ನಡುವೆಯೂ ಅವರು ಅದನ್ನೇ ಕೇಳಿದರು.

"ಇಷ್ಟು ಮಂದಿಯೊಳಗ ನಮ್ಮ ಕಡಿಯಾಂವ ಒಬ್ಬನರ ಇರಲಿಕ್ಕಿಲ್ಲೇನ್ರೀ?"

ಇರಲಿಕ್ಕಿಲ್ಲ ಎಂದೆ. ಅವರು ಒಪ್ಪಲಿಲ್ಲ. ಆಗಲೇ ಹಡಗುಗಳು ಓಡಾಡುತ್ತಿದ್ದವು, ಮುಂಬೈಯ ಖಲಾಸಿಗಳು ಎಲ್ಲೆಲ್ಲಿಗೋ ಹೋಗುತ್ತಿದ್ದರು, ಒಬ್ಬ ಯಾಕೆ ಬಂದಿರಬಾರದು ಎಂದರು. ಗೇಟಿನ ಹತ್ತಿರ ನಿಂತಿದ್ದ, ಆ ಜಾಗ ನೋಡಿಕೊಳ್ಳುವ ರೇಂಜರನ್ನು ಕೇಳೋಣ ನಡೆಯಿರಿ ಎಂದರು. ಅನು ನನ್ನ ಅಂಗಿ ಜಗ್ಗುತ್ತಿದ್ದಳು: "ಪಪ್ಪಾ, ಇಟ್ ಕ್ಲೋಸಸ್ ಅಟ್ ಸಿಕ್ಸ್! ಯೂ ಪ್ರಾಮಿಸ್ಡ್!" ಇವರು ಹೋಗಿ ಮಾತಿಗೆ ನಿಂತರೆ ಕಥೆ ಮುಗಿಯಿತು ಅನ್ನಿಸಿ, ನೀವಿಲ್ಲೇ ಇರಿ, ನಾನೇ ಕೇಳಿ ಬರುತ್ತೇನೆ ಎಂದು ಹೊರಟೆ. ರೇಂಜರ್ ಸುತ್ತ ಜನ ಮುತ್ತಿದ್ದರು. ನಾನು ಅಲ್ಲಿಯವರೆಗೂ ಹೋಗಲಿಲ್ಲ. ಒಂದು ದೊಡ್ಡ ಮರದ ಹಿಂದೆ ನಿಂತು ಬಾಟಲಿಯ ನೀರು ಕುಡಿದೆ, ಫೋನಿನಲ್ಲಿ ಮಾಲಿನ ದಾರಿ ನೋಡಿದೆ, ವಾಪಸು ಬಂದೆ.

ಇಲ್ಲವಂತೆ ಅಂದಿದ್ದರೆ ಅವರೇ ಎದ್ದು ಕೇಳಲು ಹೋಗುತ್ತಿದ್ದರು. ಹೌದು ಅಂದರೆ ಒಂದು ಫೋಟೋ ತೆಗೆಸಿಕೊಂಡು ಕಾರು ಹತ್ತುತ್ತಾರೆ — ಇಷ್ಟೇ ನನ್ನ ಲೆಕ್ಕ. ಇಷ್ಟಕ್ಕೇ —

"ಅದಾನಂತ್ರೀ ಮಾವಾರ," ಎಂದೆ. "ಮುಂಬೈಯಿಂದ ಹಡಗಿನ್ಯಾಗ ಬಂದಾಂವಂತ. ಧಾರವಾಡ ಕಡಿಯಾಂವ. ಹೆಸರು ಗೊತ್ತಿಲ್ಲಂತ. ಈ ಕಲ್ಲಂತ ನೋಡ್ರಿ." ಕಾಲಿನ ಹತ್ತಿರ ಇದ್ದ ಕಲ್ಲನ್ನು ತೋರಿಸಿದೆ. ನಾನ್ನೂರ ಹನ್ನೆರಡು.

ಅವರು ಫೋಟೋ ತೆಗೆಸಿಕೊಳ್ಳಲಿಲ್ಲ. ಅಲ್ಲೇ ಹುಲ್ಲಿನ ಮೇಲೆ ಕುಳಿತುಬಿಟ್ಟರು. ಸ್ವಲ್ಪ ಹೊತ್ತು ಕಲ್ಲಿನ ಮೇಲೆ ಕೈಯಿಟ್ಟರು. ಆಮೇಲೆ ನನ್ನ ಬಾಟಲಿ ಈಸಿಕೊಂಡು, ದಕ್ಷಿಣಕ್ಕೆ ಮುಖ ಮಾಡಿ, ಅಂಗೈಗೆ ನೀರು ಹಾಕಿಕೊಂಡು ಹೆಬ್ಬೆರಳ ಬದಿಯಿಂದ ಬಿಟ್ಟರು. ಎಳ್ಳಿರಲಿಲ್ಲ, ದರ್ಭೆ ಇರಲಿಲ್ಲ. "ಗೋತ್ರಾ ಹೆಸರು ಗೊತ್ತಿಲ್ಲದವರಿಗೂ ಕೊಡ್ಲಿಕ್ಕೆ ಬರ್ತದ," ಎಂದರು, ಯಾರೂ ಕೇಳದಿದ್ದರೂ. "ಇಷ್ಟು ವರ್ಷ ಇವಂಗ ಯಾರು ಬಿಟ್ಟಿರ್ತಾರ ನೀರು? ಪಾಪ." ಸುಧಾ ಸೆರಗಿಲ್ಲದೆ ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಂಡಳು. ಅಷ್ಟು ಹೊತ್ತು ಶೂ ಶೂ ಎನ್ನುತ್ತಿದ್ದ ಅನು ತಾತನ ಪಕ್ಕ ಹೋಗಿ ಕುಳಿತು ತಾನೂ ಅಂಗೈ ಚಾಚಿದಳು. ಮಾಲು ಮುಚ್ಚಿತು. ನಾನು ಅವರ ಹಿಂದೆ, ಅವರ ಚಪ್ಪಲಿಗಳ ಪಕ್ಕ ನಿಂತಿದ್ದೆ. ಆ ಕ್ಷಣ ಹೇಳಬಹುದಿತ್ತು. ಆ ನೀರು ಬಿಡುವುದನ್ನು ನೋಡಿದ ಮೇಲೆ ಹೇಗೆ ಹೇಳಲಿ ಅನ್ನಿಸಿತು — ಅದನ್ನು ನೋಡಿಯೇ ಹೇಳಬೇಕಿತ್ತು.

ಅಲ್ಲಿಗೇ ಬಿಟ್ಟಿದ್ದರೂ ಆಗುತ್ತಿತ್ತು. ಮುಂದಿನ ವಾರ ನಮ್ಮ ಹತ್ತಿರದ ವುಡ್‌ಬ್ರಿಡ್ಜಿನಲ್ಲಿ ಹುಬ್ಬಳ್ಳಿಯ ಗೆಳೆಯರ ಮನೆಯಲ್ಲಿ ಊಟ. ಮಾವನವರು ಎಲ್ಲರಿಗೂ ಸಿಪಾಯಿಯ ಸಂಗತಿ ಹೇಳಿದರು. ಯಾರೋ ಹೌದೇನ್ರೀ ಎಂದು ನನ್ನ ಕಡೆ ತಿರುಗಿದರು. ನಾಚಿಕೆಗೇಡಿ ನಾನು, "ಹೌದ್ರೀ, ರೇಂಜರ್ ಹಳೇ ರಜಿಸ್ಟರ್ ತೋರಿಸಿದ," ಎಂದು ಇನ್ನೊಂದು ಸೇರಿಸಿದೆ. ಎಲ್ಲರೂ ಬೆರಗಾಗಿ ನೋಡಿದರು. ಹಾಗೆ ನೋಡಿದ್ದು ನನಗೆ ಹಿತವಾಗಿತ್ತು, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಮಾವನವರು ಊರಿಗೆ ಹಿಂದಿರುಗಿದರು. ಅಲ್ಲಿ ನಿವೃತ್ತ ಶಿಕ್ಷಕರ ಒಂದು ಬಳಗವಿದೆ, ತಿಂಗಳಿಗೊಮ್ಮೆ ಶಾಲೆಯೊಂದರ ಹಾಲಿನಲ್ಲಿ ಸೇರುತ್ತಾರೆ. ಇತಿಹಾಸದ ಮೇಲೆ ಮಾತಾಡುವುದೆಂದರೆ ವೆಂಕೋಬರಾವ್ ಮಾಸ್ತರೇ. ಅವರು ರಜಿಸ್ಟರಿನ ಸಮೇತ ಸಿಪಾಯಿಯ ವಿಷಯ ಮಾತಾಡಿದರು. ಅವರದೇ ಹಳೆಯ ವಿದ್ಯಾರ್ಥಿ, ಈಗ ಕಾಲೇಜಿನಲ್ಲಿ ಇತಿಹಾಸ ಕಲಿಸುವವರು, ಎದ್ದು ನಿಂತು ಕೈಮುಗಿದೇ ಕೇಳಿದರಂತೆ: "ಸರ್, ಆಧಾರ ಏನ್ರೀ? ಆಧಾರ ಇಲ್ಲದ್ದನ್ನ ಬರೀಬ್ಯಾಡ್ರಿ ಅಂತ ನೀವ ಕಲಿಸೀರಿ."

ಅಂದು ಸಂಜೆಯೇ ನನಗೆ ಫೋನ್ ಬಂತು. "ಆ ರಜಿಸ್ಟರಿನ ಪುಟದ ಫೋಟೋ ಒಂದು ತರಸ್ಲಿಕ್ಕೆ ಬರ್ತದೇನ್ರೀ? ಅವಸರ ಇಲ್ಲ."

"ತರಸ್ತೀನ್ರೀ ಮಾವಾರ," ಎಂದೆ.

ನಾಲ್ಕು ತಿಂಗಳು ಪ್ರತಿ ಭಾನುವಾರ ಕೇಳಿದರು. ಈಮೇಲ್ ಹಾಕಿದ್ದೇನೆ, ಉತ್ತರ ಬಂದಿಲ್ಲ ಎಂದು ನಾಲ್ಕು ತಿಂಗಳೂ ಹೇಳಿದೆ. ಯಾವ ಈಮೇಲು? ಐದನೆಯ ತಿಂಗಳು ಕೇಳುವುದನ್ನು ನಿಲ್ಲಿಸಿದರು. ನಾನು ಬಚಾವಾದೆ ಅಂದುಕೊಂಡೆ. ಅವರು ತಾವೇ ಆ ಸ್ಮಶಾನದ ಕಚೇರಿಗೆ ಇಂಗ್ಲಿಷಿನಲ್ಲಿ, ಕೈಬರಹದಲ್ಲಿ ಕಾಗದ ಬರೆದಿದ್ದರು. ಬಹಳ ಸೌಜನ್ಯದ ಉತ್ತರ ಬಂದಿತ್ತು. ನಂಬರಿನ ಕಲ್ಲಿನ ಕೆಳಗೆ ಇರುವವರ ಬಗ್ಗೆ ಯಾವ ದಾಖಲೆಯೂ ಇಲ್ಲ, ಅಂಥ ರಜಿಸ್ಟರೂ ಇಲ್ಲ, ನಮ್ಮ ರೇಂಜರುಗಳು ಯಾರೂ ಹಾಗೆ ಹೇಳಿರಲಾರರು ಎಂದು.

ಇದೆಲ್ಲ ನನಗೆ ತಿಳಿದದ್ದು ಸುಧಾಳಿಂದ, ಅವಳಿಗೆ ಅವಳ ಅಣ್ಣನಿಂದ. ಮಾವನವರು ಆ ಕಾಗದವನ್ನು ಮುಚ್ಚಿಡಬಹುದಿತ್ತು. ಮುಂದಿನ ಸಭೆಯಲ್ಲಿ ಎದ್ದು ನಿಂತು ಅದನ್ನು ಗಟ್ಟಿಯಾಗಿ ಓದಿದರಂತೆ. ಓದಿ, "ತಪ್ಪು ನಂದು. ಅಳಿಯಾರು ಸರಿಯಾಗೇ ಹೇಳಿದ್ರು, ನಾನ ಏನೋ ಒಂದು ಕೇಳಿಸ್ಕೊಂಡೆ. ಕಿವಿ ಮಂದ ಆಗ್ಯಾವ," ಎಂದರಂತೆ. ಯಾರೋ ಹಿಂದಿನ ಸಾಲಿನಲ್ಲಿ, ರಜಿಸ್ಟರೂ ಕಿವಿಯಿಂದನೇ ನೋಡಿದ್ರೇನು ಎಂದರಂತೆ. ಸಭೆ ನಕ್ಕಿತಂತೆ. ಆಮೇಲೆ ಅವರನ್ನು ಮಾತಾಡಲು ಯಾರೂ ಕರೆಯಲಿಲ್ಲ. ಕೆಲವು ತಿಂಗಳು ಹೋಗಿ ಕುಳಿತು ಬರುತ್ತಿದ್ದರು, ಆಮೇಲೆ ಹೋಗುವುದನ್ನೇ ಬಿಟ್ಟರು.

"ಅಪ್ಪಗ ಕಿವಿ ಕೇಳಸೂದಿಲ್ಲಂತ್ರೀ," ಎಂದು ಸುಧಾ ಅತ್ತಳು. "ಮೂರು ತಿಂಗಳು ನಮ್ಮ ಮನಿಯೊಳಗ ಇದ್ರು, ನಮಗ ಗೊತ್ತ ಆಗಲಿಲ್ಲ ನೋಡ್ರಿ." ನಾನು ಹೇಳಿದ್ದನ್ನು ಮಾವನವರು ಅಕ್ಷರ ಬಿಡದೆ ಕೇಳಿಸಿಕೊಂಡಿದ್ದರು. ಅದು ಗೊತ್ತಿದ್ದವರು ಈ ಭೂಮಿಯ ಮೇಲೆ ಇಬ್ಬರೇ. ನನ್ನ ಬಾಯಿಂದ ಬಂದದ್ದು: "ವಯಸ್ಸಾತಲ್ಲ, ಸುಧಾ."

ಅವಳು ನಾರ್ತ್ ಯಾರ್ಕಿನ ಅಂಗಡಿಯಿಂದ, ಟೆಸ್ಟು ಗಿಸ್ಟು ಬೇಡದ ಒಂದು ಕಿವಿಯ ಮಷೀನು ತಂದು, ಊರಿಗೆ ಹೊರಟಿದ್ದ ಗೆಳತಿಯ ಕೈಯಲ್ಲಿ ಕಳಿಸಿದಳು. ಮಾವನವರು ಹಾಕಿಕೊಂಡರು. ವಿಡಿಯೋ ಕಾಲಿಗೆ ಬಂದಾಗಲೆಲ್ಲ ಅದು ಕಿವಿಯಲ್ಲಿ ಇರುತ್ತಿತ್ತು. ನಾನು — ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ — ನಾನು ಅವರ ಜೊತೆ ಸ್ವಲ್ಪ ಜೋರಾಗಿ ಮಾತಾಡಲು ಶುರು ಮಾಡಿದೆ.

ಈ ಬೇಸಿಗೆ ಅವರು ಮತ್ತೆ ಬಂದಿದ್ದಾರೆ. ಎಂಬತ್ತು ದಾಟಿದೆ. ಗೆಟ್ಟಿಸ್‌ಬರ್ಗಿನ ಹೆಸರು ಒಮ್ಮೆಯೂ ಎತ್ತಲಿಲ್ಲ. ಅನು ಎತ್ತಿದರೂ ಮಾತು ತೇಲಿಸಿದರು. ಕಳೆದ ಶನಿವಾರ ಸುಧಾ ಅನುವನ್ನು ಕ್ಲಾಸಿಗೆ ಬಿಡಲು ಹೋಗಿದ್ದಳು. ಅಡುಗೆಮನೆಯ ಟೇಬಲ್ಲಿನಲ್ಲಿ ನಾವಿಬ್ಬರೇ, ಅವಲಕ್ಕಿ, ಚಹಾ. "ಮಾವಾರ, ಆ ಕಲ್ಲು..." ಎಂದೆ. ಅವರು ತಡೆಯುವಂತೆ ಕೈ ಎತ್ತಿದರು. ಮಷೀನನ್ನು ಕಿವಿಯಿಂದ ತೆಗೆದು ಚಹಾದ ಬಟ್ಟಲಿನ ಪಕ್ಕ ಇಟ್ಟರು.

"ಈಗ ಹೇಳ್ರಿ. ಅದು ಗರ್ ಅಂತದ, ಮಾತ ತಿಳಿಯೂದಿಲ್ಲ."

ಎಲ್ಲ ಹೇಳಿದೆ. ಮರದ ಹಿಂದೆ ನಿಂತದ್ದು, ಶೂ, ಮಾಲು, ಈಮೇಲು — ಒಂದನ್ನೂ ಬಿಡಲಿಲ್ಲ. ಅವರು ಮಾಸ್ತರಂತೆಯೇ ಒಂದೊಂದಾಗಿ ಕೇಳಿದರು.

"ರೇಂಜರನ್ನ ಕೇಳಲೇ ಇಲ್ಲ?"

"ಇಲ್ರೀ."

"ಹಂಗಾರ ಆ ಕಲ್ಲಿನ ಕೆಳಗ ಯಾರು?"

"ಗೊತ್ತಿಲ್ರೀ."

"ಇಷ್ಟ ಅಂದಿದ್ರ ಆಗ್ತಿತ್ತಲ್ಲ," ಎಂದರು. "ಗೊತ್ತಿಲ್ಲ ಅಂತ ನಾ ಹುಡುಗರಿಗೆ ಎಷ್ಟು ಸಲ ಹೇಳೀನಿ. ನೀರು ನಾ ಹಂಗೂ ಬಿಡ್ತಿದ್ದೆ."

ತಪ್ಪನ್ನು ನಿಮ್ಮ ಕಿವಿಯ ಮೇಲೆ ಯಾಕೆ ಹಾಕಿಕೊಂಡಿರಿ ಎಂದು ಕೇಳಿದೆ. "ಸುಧಾನ ಗಂಡ ಸುಳ್ಳು ಹೇಳ್ತಾನ ಅಂತ ಸಭಾದಾಗ ಹೇಳ್ಲೇನು?" ಎಂದರು. ಸಿಟ್ಟಿರಲಿಲ್ಲ. "ಆದ್ರ ಅವರು ನಕ್ಕಾಗ... ಅದ್ರಾಗ ನನ್ನ ಹುಡುಗರೂ ಇದ್ರು, ನೋಡ್ರಿ..." ಎಂದು ಬಟ್ಟಲು ಎತ್ತಿಕೊಂಡರು. ಬಟ್ಟಲಿನಲ್ಲಿ ಚಹಾ ಇರಲಿಲ್ಲ.

ಬಳಗಕ್ಕೆ ನಾನೇ ಬರೆಯುತ್ತೇನೆ ಎಂದೆ. "ಬ್ಯಾಡ್ರಿ, ಮುಗದದ್ದು," ಎಂದರು. ಅವರ ಮಾತು ಮೀರಿ ಬರೆಯುತ್ತಿದ್ದೇನೆ. ಇದೇ ಆ ಕಾಗದ. ಬಳಗದ ಹಿರಿಯರು ಇದನ್ನು ಸಭೆಯಲ್ಲಿ, ನನ್ನ ಹೆಸರು ಗಿರೀಶ ಎಂಬುದನ್ನೂ ಸೇರಿಸಿ, ಗಟ್ಟಿಯಾಗಿ ಓದಬೇಕು. ಅಂದು ನಕ್ಕವರು ಮುಂದಿನ ಸಾಲಿನಲ್ಲಿ ಕುಳಿತು ಕೇಳಬೇಕು. ಕ್ಷಮೆ ಕೇಳುವ ಯೋಗ್ಯತೆ ನನಗಿದೆಯೆಂದು ಅಲ್ಲ. ಅವರ ಮಾಸ್ತರರು ಆಧಾರವಿಲ್ಲದ್ದನ್ನು ಎಂದೂ ಹೇಳಿದವರಲ್ಲ ಎಂಬುದು ಅವರಿಗೆ ತಿಳಿಯಬೇಕು.

ಅಂದು ನಾವು ಹಾಗೆ ಕುಳಿತಿದ್ದಾಗ ಡ್ರೈವ್‌ವೇಯಲ್ಲಿ ಕಾರು ನಿಂತ ಸದ್ದಾಯಿತು. ನನಗೆ ಕೇಳಿಸುವ ಮೊದಲೇ ಅದು ಮಾವನವರಿಗೆ ಕೇಳಿಸಿತ್ತು. ಅವಸರದಿಂದ ಮಷೀನು ಎತ್ತಿ ಕಿವಿಗೆ ಸಿಕ್ಕಿಸಿಕೊಳ್ಳತೊಡಗಿದರು. ಅದು ಸರಿಯಾಗಿ ಕೂರುತ್ತಿರಲಿಲ್ಲ. ಬಾಗಿಲು ತೆರೆದುಕೊಂಡು ಸುಧಾ ಒಳಗೆ ಬಂದಳು, "ಅಪ್ಪಾ, ಚಾ ಆತೇನು?" ಎಂದು ಎಂದಿನಂತೆ ಜೋರಾಗಿ ಕೂಗುತ್ತ.

ನಾನು ಎದ್ದು ನಿಂತೆ. "ಒದರಬ್ಯಾಡ ಸುಧಾ," ಎಂದೆ. "ನಿಮ್ಮಪ್ಪಾರ ಕಿವಿ ಛಲೋ ಅವ. ಮೊದಲಿಂದಾನೂ ಛಲೋ ಅವ. ನೀ ಒಂದೀಟು ಕೂಡು, ನಾ ಹೇಳೋದದ."