ಹೊನ್ನಾಳಿಯ ಆ ಪಿಯಾನೋ

ನನ್ನ ಗಂಡನೇ ಇದನ್ನು ಇವತ್ತಿಗೂ ನಂಬಿಲ್ಲ. ನೀವು ನಂಬದಿದ್ದರೂ ನನಗೇನೂ ಬೇಜಾರಿಲ್ಲ. ಆದರೆ ಆ ರಾತ್ರಿ ನಾನು ಒಬ್ಬಳೇ ಇರಲಿಲ್ಲ. ನನ್ನ ಜೊತೆಗಿದ್ದವರು ನನಗಿಂತ ಹೆಚ್ಚು ನೋಡಿದರು...

ನಾನು ಪಿಯಾನೋ ನುಡಿಸುವವಳು, ಊರು ಜಗಳೂರು. ಇವೆರಡನ್ನೂ ಒಟ್ಟಿಗೆ ಹೇಳಿದರೆ ಜನ ನಗುತ್ತಾರೆ. ದಾವಣಗೆರೆಯ ಹಾಸ್ಟೆಲ್ ಶಾಲೆಯಲ್ಲಿ ಪ್ರಾರ್ಥನೆಗೆ ಇಟ್ಟಿದ್ದ ಪಿಯಾನೋ ಮೇಲೆ ಕಲಿತೆ. ಆಮೇಲೆ ಚೆನ್ನೈ, ಅಲ್ಲಿಂದ ವಿಯೆನ್ನಾ. ದೊಡ್ಡ ವೇದಿಕೆಗಳ ಬಾಗಿಲ ತನಕ ಹೋದೆ. ಒಳಗೆ ಹೋಗಲಿಲ್ಲ.

ಅದಕ್ಕೆ ಕಾರಣ ಒಂದು ರಚನೆ. ನಿಧಾನಗತಿಯದು. ಅದರ ನಡುವೆ ಎಡಗೈ ತಳದ ಸ್ವರದಿಂದ ಒಮ್ಮೆಲೇ ಮೇಲಕ್ಕೆ ಹಾರಬೇಕು. ಅಲ್ಲಿ ನನ್ನ ಬೆರಳು ಯಾವಾಗಲೂ ಪಕ್ಕದ ಕೀಲಿಗೆ ಬೀಳುತ್ತಿತ್ತು. ಸ್ಪರ್ಧೆಯ ಕೊನೆಯ ಸುತ್ತಿನಲ್ಲೂ ಅಲ್ಲೇ ಬಿತ್ತು. ವರ್ಷಗಟ್ಟಲೆ ತಿದ್ದಿದೆ, ಕಣ್ಣೀರಿಟ್ಟೆ, ಕೈಯನ್ನೇ ಗೋಡೆಗೆ ಬಡಿದುಕೊಂಡೆ. ಆಗಲಿಲ್ಲ. ಈಗ ಬೆಂಗಳೂರಿನ ಒಂದು ಹೋಟೆಲಿನಲ್ಲಿ ಜನ ಊಟ ಮಾಡುವಾಗ ನುಡಿಸುತ್ತೇನೆ. ಚಮಚದ ಸದ್ದು ನನ್ನ ಸದ್ದಿಗಿಂತ ಜೋರಾಗಿರುತ್ತದೆ.

ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದ ಶೈಲಜಾ ಈಗ ಹೊನ್ನಾಳಿಯ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ. ಕೆರೆಬಿಳಚಿ ಕಡೆಯ ಯಾವುದೋ ಹಳೇ ಬಂಗಲೆಯಿಂದ ಅವರ ಶಾಲೆಗೆ ಒಂದು ಪಿಯಾನೋ ಬಂದಿತ್ತು. "ವಾರ್ಷಿಕೋತ್ಸವಕ್ಕೆ ನೀನೇ ಬಂದು ನುಡಿಸಬೇಕು ಕಣೆ" ಎಂದು ಕರೆದಳು. ಆಸೆಯಿಂದ ಹೋದೆ.

ಭಾಷಣಗಳು ಮುಗಿಯಲೇ ಇಲ್ಲ. ಕೊನೆಗೆ ನನ್ನ ಸರದಿ ಬಂದಾಗ ಸಭೆ ಅರ್ಧ ಖಾಲಿ. ಎರಡು ಸಾಲು ನುಡಿಸುವಷ್ಟರಲ್ಲಿ ಸಮಿತಿಯ ಹಿರಿಯರೊಬ್ಬರು ಹತ್ತಿರ ಬಂದು ಬಗ್ಗಿ, "ಮೇಡಂ, ಇದು ಭಾಳ ಮೆಲ್ಲಕೈತೆ. ಯಾವ್ದಾರ ಸಿನಿಮಾ ಹಾಡು ಬಾರಿಸ್ರಿ, ಜನ ಎದ್ದು ಹೊಂಟಾರೆ" ಅಂದರು.

ನಾನು ಮುಚ್ಚಳ ಹಾಕಿ ಎದ್ದುಬಿಟ್ಟೆ.

ಶೈಲಜಾ ಸಭಾಂಗಣಕ್ಕೆ ಬೀಗ ಹಾಕಿಸಿ, ನನ್ನನ್ನು ಹಿಂದಿನ ಅತಿಥಿ ಕೋಣೆಗೆ ಬಿಟ್ಟು ಮನೆಗೆ ಹೋದಳು. ಶಾಲೆಯಲ್ಲಿ ಉಳಿದವರು ನಾನು ಮತ್ತು ಆಯಾ ಸಿದ್ದಮ್ಮ, ಇಬ್ಬರೇ. ಊಟ ಸೇರಲಿಲ್ಲ. ಸ್ವಲ್ಪ ಹೊತ್ತಿಗೆ ಕರೆಂಟೂ ಹೋಯಿತು. ಹೊಳೆ ಕಡೆಯಿಂದ ತಣ್ಣನೆ ಗಾಳಿ... ಅದರ ಜೊತೆ ಬಾಡಿದ ಚೆಂಡುಹೂವಿನ ವಾಸನೆ.

ಆಗ ಕೇಳಿಸಿತು.

ಪಿಯಾನೋ... ಸಭಾಂಗಣದಿಂದ... ನನ್ನನ್ನು ಸೋಲಿಸಿದ ಅದೇ ರಚನೆ.

ಯಾರೋ ನಿಧಾನವಾಗಿ, ತುಂಬಾ ಚೆನ್ನಾಗಿ ನುಡಿಸುತ್ತಿದ್ದರು. ಎಡಗೈ ಹಾರುವ ಜಾಗ ಬಂತು. ತಪ್ಪಿತು. ನಾನು ತಪ್ಪುವ ಅದೇ ಸ್ವರಕ್ಕೆ ಬಿತ್ತು! ಸ್ವಲ್ಪ ಮೌನ. ಮತ್ತೆ ಮೊದಲಿನಿಂದ... ಮತ್ತೆ ಅಲ್ಲೇ ತಪ್ಪು.

ಮೊದಲು ನನಗೆ ಭಯವಾಗಲಿಲ್ಲ, ಉರಿ ಹತ್ತಿತು. ಯಾರೋ ನನ್ನನ್ನು ಅಣಕಿಸುತ್ತಿದ್ದಾರೆ ಅನ್ನಿಸಿತು. ಬಾಗಿಲು ತೆಗೆದರೆ ಸಿದ್ದಮ್ಮ ಟಾರ್ಚ್ ಹಿಡಿದು ಸಭಾಂಗಣದ ಕಡೆಗೇ ಹೊರಟಿದ್ದವರು ನನ್ನನ್ನು ಕಂಡು ಗಕ್ಕನೆ ನಿಂತರು.

"ಮೇಡಮ್ಮಾರೇ... ನೀವು ಇಲ್ಲೇ ಐದೀರಾ?" ಟಾರ್ಚನ್ನು ನನ್ನ ಮುಖಕ್ಕೆ ಹಿಡಿದರು. "ನೀವೇ ನುಡಸಾಕೆ ಹೋಗೀರಿ ಅಂತ ಮಾಡಿದ್ದೆ. ಹಂಗಾರೆ ಒಳಗೆ ಯಾರ್ರೀ?"

ಬೀಗ ಹಾಕಿದ ಹಾಗೇ ಇತ್ತು. ಸಿದ್ದಮ್ಮ ಬೀಗ ತೆಗೆದ ಕೂಡಲೇ ಒಳಗಿನ ಸದ್ದು ನಿಂತಿತು.

ಯಾರೂ ಇರಲಿಲ್ಲ. ನಾನು ಮುಚ್ಚಿದ್ದ ಮುಚ್ಚಳ ತೆರೆದಿತ್ತು. ಕೀಲಿಗಳ ಮೇಲೆ ಬೆರಳಿಟ್ಟೆ... ಬೆಚ್ಚಗಿದ್ದವು.

"ಬರ್ರೀ ಮೇಡಮ್ಮಾರೇ, ಹೋಗಾನ" ಎಂದು ಸಿದ್ದಮ್ಮ ಬಾಗಿಲಿನಿಂದಲೇ ಪಿಸುಗುಟ್ಟಿದರು.

ಹೋಗಬೇಕಿತ್ತು. ಆದರೆ ಆ ದಿನದ ಸಿಟ್ಟೋ, ಇಷ್ಟು ವರ್ಷಗಳ ಹಟವೋ, ನಾನು ಕೂತೆ. ಆ ಕತ್ತಲಲ್ಲೇ ನುಡಿಸತೊಡಗಿದೆ. ಆ ಜಾಗ ಬಂತು. ಎಡಗೈ ಎತ್ತಿದೆ...

ನನ್ನ ಬೆರಳು ತಲುಪುವ ಮೊದಲೇ ಕೀಲಿ ಕೆಳಗಿಳಿದಿತ್ತು.

ಸರಿಯಾದ ಸ್ವರ. ನನ್ನ ಜೀವಮಾನದಲ್ಲಿ ಮೊದಲ ಸಲ! ನಿಲ್ಲಿಸಲು ಮನಸ್ಸು ಬರಲಿಲ್ಲ. ಕೊನೆಯ ತನಕ ನುಡಿಸಿದೆ. ಅಷ್ಟು ಸುಂದರವಾಗಿ ನಾನು ಎಂದೂ ನುಡಿಸಿರಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಟಾರ್ಚಿನ ಬೆಳಕು ಒಮ್ಮೆ ನನ್ನ ಮೇಲೆ ಬಿದ್ದು, ನೆಲಕ್ಕೆ ಇಳಿಯಿತು.

"ಮೇಡಮ್ಮಾರೇ, ತಿರುಗಬ್ಯಾಡ್ರಿ," ಸಿದ್ದಮ್ಮ ಮೆಲ್ಲಗೆ ಅಂದರು. "ಸುಮ್ನೆ ಎದ್ದು ಬರ್ರಿ. ನಿಮ್ಮ ಎಡಕ್ಕೆ ಕುಂತೋರು... ನಿಮ್ಮನ್ನೇ ನೋಡಾಕತ್ಯಾರೆ."

ಎದ್ದು ಬಂದೆ. ತಿರುಗಲಿಲ್ಲ. ಕುಂತಿದ್ದು ಗಂಡಸೋ ಹೆಂಗಸೋ ಎಂದು ಬೆಳಗಾಗುವ ತನಕ ಕೇಳಿದೆ. "ಅದನ್ನ ಕೇಳಬ್ಯಾಡ್ರಿ" ಎಂದಷ್ಟೇ ಹೇಳಿದರು.

ಬೆಂಗಳೂರಿಗೆ ಬಂದ ಮೇಲೆ ಅದೇ ರಚನೆಯನ್ನು ಎಷ್ಟೋ ಸಲ ನುಡಿಸಿ ನೋಡಿದೆ. ಪ್ರತಿ ಸಲವೂ ಅಲ್ಲೇ ತಪ್ಪುತ್ತದೆ. ಇಷ್ಟು ವರ್ಷಗಳ ದುಡಿಮೆಗೆ ಒಂದೇ ಒಂದು ಸಾರ್ಥಕ ಗಳಿಗೆ ಸಿಕ್ಕಿತು, ಅದೂ ನನ್ನದಲ್ಲವೇ?

ಮೊನ್ನೆ ಶೈಲಜಾ ಫೋನ್ ಮಾಡಿದ್ದಳು. ಸಿದ್ದಮ್ಮ ಕೆಲಸ ಬಿಟ್ಟರಂತೆ, ಸಭಾಂಗಣದ ಹತ್ತಿರ ಯಾರೂ ಸುಳಿಯುತ್ತಿಲ್ಲವಂತೆ. "ಆ ಪಿಯಾನೋ ನಿನಗೇ ಕಳಿಸಿಬಿಡ್ತೀವಿ, ಇಟ್ಕೋತೀಯಾ?" ಎಂದಳು.

ಬೇಡ ಅನ್ನಲು ಬಾಯಿ ತೆರೆದೆ...

"ಕಳಿಸು" ಅಂದುಬಿಟ್ಟೆ. ಗಂಡನಿಗೆ ಹೇಳದೆ, ನಡುಮನೆಯ ಸೋಫಾವನ್ನು ಗೋಡೆಗೆ ಸರಿಸಿ ಜಾಗ ಮಾಡಿದ್ದೇನೆ.