ನಲವತ್ಮೂರು ಮೊಮ್ಮಕ್ಕಳ ಅಜ್ಜಿ

ನಮ್ಮ ಚಿಕ್ಕಮ್ಮ ಕಾಲೇಜಿನ ಗೇಟಿನೆದುರು ಜೆರಾಕ್ಸ್ ಅಂಗಡಿ ಇಟ್ಟವಳು. ಅಸಲು ವ್ಯಾಪಾರ ಮಾತ್ರ ಕಣ್ಣೀರಿನದು. ಸಾಫ್ಟ್‌ವೇರ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಓದಲು ವಿದ್ಯಾರ್ಥಿವೇತನ ಬೇಕೆನ್ನುವವರು ‘ನಾನೇಕೆ ಓದಬೇಕು’ ಎಂದು ಎರಡು ಪುಟ ಬರೆದು ಆಯ್ಕೆ ಸಮಿತಿಗೆ ಕೊಡಬೇಕು. ಸಾವಿರ ಸಾಲು ಪ್ರೋಗ್ರಾಂ ಬರೆಯುವ ಜಾಣರಿಗೆ ತಮ್ಮ ಬಗ್ಗೆ ನಾಲ್ಕು ಸಾಲು ಬರೆಯಲು ಬಾರದು. ಆಗ ದುಡ್ಡಿಗೆ ಬರೆದುಕೊಡಲು ಚಿಕ್ಕಮ್ಮ ಬೇಕು.

“ಬಡತನ ಎಲ್ರೂ ಬರೀತಾರೆ ಕಣೆ. ಸಮಿತಿಯೋರ ಕನ್ನಡಕ ಒದ್ದೆ ಆಗ್ಬೇಕು ಅಂದ್ರೆ ಅಜ್ಜಿ ಬೇಕು” ಎನ್ನುತ್ತಿದ್ದಳು.

ಅಜ್ಜಿಯನ್ನು ನಮ್ಮ ಮನೆಯಿಂದಲೇ ತಂದಳು. ನನಗೆ ಹನ್ನೆರಡಾಗಿದ್ದಾಗ ಅಜ್ಜಿಯ ಕಣ್ಣು ಮಂಜಾಗಿ ಗುಳಿಗೆಗಳು ಅದಲುಬದಲಾಗುತ್ತಿದ್ದವು. ಅಂಗಡಿಯಿಂದ ಮನೆಗೆ ತಂದ ಹಳೇ ಕಂಪ್ಯೂಟರಿನಲ್ಲಿ ನಾನೊಂದು ಪುಟ್ಟ ಪ್ರೋಗ್ರಾಂ ಬರೆದೆ. ಹೊತ್ತಿಗೆ ಸರಿಯಾಗಿ ಅದು ನನ್ನದೇ ದನಿಯಲ್ಲಿ “ಅಜ್ಜಿ, ಈಗ ದೊಡ್ಡ ಗುಳಿಗೆ” ಎಂದು ಕೂಗುತ್ತಿತ್ತು. ಅಲ್ಲಿಂದಾಚೆ ನಲವತ್ಮೂರು ಅರ್ಜಿಗಳಲ್ಲಿ ನಲವತ್ಮೂರು ಜನ ತಂತಮ್ಮ ಅಜ್ಜಿಗೆ ಗುಳಿಗೆ ನುಂಗಿಸಿದರು. ಒಂದರಲ್ಲಿ ಅಜ್ಜಿಗೆ ಕಿವಿಯೂ ಕೇಳದು. ಕೂಗುವ ಪ್ರೋಗ್ರಾಂನಿಂದ ಆಕೆಗೇನು ಉಪಯೋಗ ಎಂದು ಸಮಿತಿಯ ಯಾವ ಪಂಡಿತನೂ ಕೇಳಲಿಲ್ಲ. ಮೂರರಲ್ಲಿ ಸತ್ತೇ ಹೋದಳು. ನಮ್ಮಜ್ಜಿಯೋ ಗುಂಡುಕಲ್ಲಿನ ಹಾಗೆ ಕೂತು ಎರಡನೇ ಲೋಟ ಕಾಫಿ ಕೇಳುತ್ತಿದ್ದಳು.

ಕೊನೆಗೆ ನನ್ನ ಸರದಿ ಬಂತು.

“ಬೇರೆ ಏನಾದ್ರೂ ಬರಿ. ಆ ಅಜ್ಜಿ ಸವೆದು ಹೋಗಿದಾಳೆ” ಎಂದಳು ಚಿಕ್ಕಮ್ಮ.

“ಅದನ್ನ ಮಾಡಿದ್ದು ನಾನೇ ಅಲ್ವಾ? ನಾನ್ಯಾಕೆ ಬಿಡ್ಲಿ?” ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದೆ.

ವಾರದಲ್ಲಿ ಪತ್ರ ಬಂತು. ನಕಲು ಹಿಡಿಯಲು ಹೊಸದಾಗಿ ತಂದ ಸಾಫ್ಟ್‌ವೇರ್ ನನ್ನ ಬರಹ ಹಳೆಯ ನಲವತ್ಮೂರಕ್ಕೆ ಹೊಂದುತ್ತದೆ ಎಂದಿತ್ತು. ಬಂದು ಕಾರಣ ಹೇಳದಿದ್ದರೆ ಅರ್ಜಿ ವಜಾ, ನನ್ನ ಓದೂ ಅಲ್ಲಿಗೇ ಮುಗಿಯಿತು. ಆ ಹಳಬರ ಬಗ್ಗೆ ಪತ್ರದಲ್ಲಿ ಒಂದಕ್ಷರವಿಲ್ಲ. ಕಳ್ಳಿ ನಾನೊಬ್ಬಳೇ. ಆ ಸಾಫ್ಟ್‌ವೇರ್ ಮಾಡಿದವನು ಸಮಿತಿಯ ಕಾರ್ಯದರ್ಶಿ, ಇದೇ ವಿದ್ಯಾರ್ಥಿವೇತನದಲ್ಲಿ ಓದಿದವನು, ಚಿಕ್ಕಮ್ಮನ ಮೊಟ್ಟಮೊದಲ ಗಿರಾಕಿ.

ವಿಚಾರಣೆಗೆ ಅಜ್ಜಿಯೂ ಸೇರಿ ಮೂವರೂ ಹೋದೆವು. ಚಿಕ್ಕಮ್ಮನನ್ನು ಕಂಡದ್ದೇ ಅವನು ನೀರಿನ ಲೋಟಕ್ಕೆ ಕೈ ಹಾಕಿದ.

“ಅಜ್ಜೀನೇ ಕರ್ಕೊಂಡು ಬಂದಿದೀನಿ ಸಾರ್” ಎಂದಳು ಚಿಕ್ಕಮ್ಮ. “ನಿಮಗೆ ಗುರುತು ಸಿಗಲ್ಲ ಬಿಡಿ. ನಿಮ್ಮ ಅರ್ಜೀಲಿ ಇವರು ತೀರ್ಕೊಂಡಿದ್ರು.”

ಅಜ್ಜಿ ಲೋಟದ ಸದ್ದು ಬಂದ ಕಡೆ ಮುಖ ತಿರುಗಿಸಿ, “ಯಾರಪ್ಪಾ ಅದು, ಮೊಮ್ಮಗನಾ?” ಎಂದಳು.

ಉಳಿದಿಬ್ಬರು ಸದಸ್ಯರು ಕತ್ತೆತ್ತಿದರು. ಕಾರ್ಯದರ್ಶಿ ಬೆವರು ಒರೆಸಿಕೊಂಡು, “ಬಾಯಿಮಾತು ನಡೆಯಲ್ಲ. ಬರೆದು ಕೊಡಿ” ಎಂದ. ಬರೆದು ಕೊಟ್ಟರೆ ಇನ್ನು ಯಾರೂ ಚಿಕ್ಕಮ್ಮನ ಹತ್ತಿರ ಅರ್ಜಿ ಬರೆಸುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಚಿಕ್ಕಮ್ಮ ಕಾಗದ ಎಳೆದುಕೊಂಡು, ಅಭ್ಯಾಸಬಲದಿಂದ “ಬಾಲ್ಯದಿಂದಲೂ ನನಗೆ” ಎಂದು ಶುರು ಮಾಡಿದಳು. ಹೊಡೆದು ಹಾಕಿದಳು. ಅಷ್ಟು ಜನರನ್ನು ಅಳಿಸಿದವಳಿಗೆ ತನ್ನದೊಂದು ಸಾಲು ಹೊಳೆಯಲಿಲ್ಲ. ನನಗೆ ಸಂಕಟವಾಯಿತು, ಸಿಟ್ಟೂ ಇಳಿದಿರಲಿಲ್ಲ. ಬಹಳ ಹೊತ್ತಿನ ಮೇಲೆ ಬರೆದಳು: “ಕತೆ ಇವಳದು. ಕದ್ದವಳು ನಾನು.”

ಸಹಿ ಹಾಕಿ ಕಾಗದವನ್ನು ನನ್ನ ಕಡೆ ತಳ್ಳಿ, “ತಪ್ಪಿದ್ರೆ ತಿದ್ದು” ಎಂದಳು. ತಿದ್ದುವಂಥದ್ದೇನೂ ಇರಲಿಲ್ಲ.

ವಿದ್ಯಾರ್ಥಿವೇತನ ನನಗೆ ಬಂತು. ಚಿಕ್ಕಮ್ಮನ ಅಂಗಡಿಯಲ್ಲಿ ಈಗ ಬರೀ ಜೆರಾಕ್ಸ್. ಕಾರ್ಯದರ್ಶಿ ಮಾತ್ರ ಈಗಲೂ ಕಾರ್ಯದರ್ಶಿಯೇ.