ಹಸಿದ ಕೈಯ ಮೊದಲ ಪೈರು

ಹುರುಳಿಕಾಳು ಬೇಯುವ ವಾಸನೆ ಎಂದರೆ ಚಿಕ್ಕಮಾದಮ್ಮನವರಿಗೆ ಬಾಲ್ಯ. ಅವ್ವ ಕಟ್ಟು ಬಸಿಯುವ ಹೊತ್ತಿಗೆ ತಟ್ಟೆ ಹಿಡಿದು ಒಲೆಯ ಮುಂದೆ ಕೂರುತ್ತಿದ್ದ ನೆನಪು. ಈ ನಸುಕಿನಲ್ಲಿ ಊರಿನ ಯಾವುದೋ ಮನೆಯಿಂದ ಅದೇ ವಾಸನೆ ನಾಲೆಯ ಏರಿಯವರೆಗೂ ಬರುತ್ತಿದೆ. ಅವರು ಸೆರಗನ್ನು ಮೂಗಿಗೆ ಹಿಡಿದು ಬಿರಬಿರನೆ ನಡೆಯುತ್ತಾರೆ. ವಾಸನೆ ಬೇಡವೆಂದಲ್ಲ, ಹಸಿವು ಕೆರಳಬಾರದು ಎಂದು.

ಬಿಳಿಗೆರೆ ಹೋಬಳಿಯ ಗದ್ದೆಬಯಲಿನಲ್ಲಿ ಇದು ನಾಟಿಯ ಕಾಲ, 2006ರ ಆಗಸ್ಟ್. ಹನ್ನೆರಡು ಹೆಂಗಸರ ನಾಟಿ ಗುಂಪಿಗೆ ಚಿಕ್ಕಮಾದಮ್ಮ ಮುಂದಾಳು. ಬೆಳಗಾಗುತ್ತಲೇ ಕೆಸರಿಗಿಳಿದರೆ ಇಳಿಹೊತ್ತಿಗೆ ಒಂದೆಕರೆ ಹಸಿರು ಮಾಡಿ ಮೇಲೆ ಬರುತ್ತಾರೆ. ಇಷ್ಟು ಅನ್ನವನ್ನು ನೆಟ್ಟ ಈ ಹೆಂಗಸು ಗದ್ದೆಯಲ್ಲಿ ಒಂದು ತುತ್ತು ಬಾಯಿಗಿಟ್ಟಿದ್ದನ್ನು ಯಾರೂ ಕಂಡಿಲ್ಲ. ಸುತ್ತಿನ ಊರಿನವರು ಅದನ್ನು ಭಕ್ತಿ ಎಂದು ಕರೆದು ಕೈಮುಗಿಯುತ್ತಾರೆ. ಏಕೆಂದು ಕೇಳುವ ಗೋಜಿಗೆ ಯಾರೂ ಹೋಗಿಲ್ಲ.

ಶುರುವಾದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಉಂಡ ಸ್ವಲ್ಪ ಹೊತ್ತಿಗೆಲ್ಲ ಹೊಟ್ಟೆ ಹಿಂಡಿ ಓಡಬೇಕಾಗುತ್ತಿತ್ತು. ಬಯಲಿನಲ್ಲಿ ಓಡುವುದಾದರೂ ಎಲ್ಲಿಗೆ? ಗಂಡಸರಿಗೆ ಯಾವ ಬೇಲಿಯಾದರೂ ಆದೀತು. ಹೆಂಗಸರಿಗೆ ಕಬ್ಬಿನ ತೋಟ ಸಿಕ್ಕಿದರೆ ಪುಣ್ಯ, ಕಬ್ಬು ಕಡಿದ ಮೇಲೆ ಅದೂ ಇಲ್ಲ. ಪಂಪ್‌ಸೆಟ್ಟಿಗೆ ಗೋಡೆ, ಛಾವಣಿ, ಬಾಗಿಲು, ಬೀಗ ಎಲ್ಲ ಕಟ್ಟಿಸಿದ ಜಮೀನುದಾರರಿಗೆ ಕೆಸರಿನಲ್ಲಿ ನಿಂತ ಹೆಂಗಸರಿಗೆ ಎದೆಮಟ್ಟದ ಒಂದು ಮರೆ ಬೇಕೆಂದು ಇಷ್ಟು ವರ್ಷದಲ್ಲಿ ತೋಚಲಿಲ್ಲ. ಚಿಕ್ಕಮಾದಮ್ಮ ತಮಗೆ ತಿಳಿದ ದಾರಿ ಹಿಡಿದರು: ಉಣ್ಣುವುದನ್ನೇ ಬಿಟ್ಟರು.

ಅವರು ಮೊದಲ ಸಲ ಊಟ ಬೇಡವೆಂದ ದಿನ ಸೋಮವಾರವಾಗಿತ್ತು. ನಂಜುಂಡೇಶ್ವರನ ಒಪ್ಪೊತ್ತು ಹಿಡಿದಿದ್ದಾಳೆ, ಒಂದೇ ಹೊತ್ತು ಉಣ್ಣುತ್ತಾಳೆ ಎಂದು ಗದ್ದೆಯವರು ತಾವೇ ತೀರ್ಮಾನಿಸಿದರು. ಆ ವರ್ಷ ಅಲ್ಲಿ ಪೈರು ಹುಲುಸಾಗಿ ಬಂತು. ಸರಿ, ಒಪ್ಪೊತ್ತಿನವಳ ಕೈಗುಣ ಎಂಬ ಮಾತು ಬಯಲೆಲ್ಲ ಹಬ್ಬಿತು. ಗದ್ದೆಯ ಮೂಲೆಯಲ್ಲಿ ಅರಿಶಿನ ಕುಂಕುಮವಿಟ್ಟು ಕಾಯಿ ಒಡೆದ ಮೇಲೆ ಮೊದಲ ಪೈರನ್ನು ಚಿಕ್ಕಮಾದಮ್ಮನೇ ನೆಡಬೇಕು, ಅದೂ ಹಸಿದ ಹೊಟ್ಟೆಯಲ್ಲಿ. ಆ ಕೈ ಬೇಕೆಂದೇ ಅವರ ಗುಂಪಿಗೆ ಕೆಲಸ ತಪ್ಪುವುದಿಲ್ಲ. ಹನ್ನೊಂದು ಮನೆಯ ಒಲೆ ಒಬ್ಬಳ ಹಸಿವಿನ ಮೇಲೆ ಉರಿಯುತ್ತದೆ.

“ಅವ್ರು ಅಂದ್ಕಂಡ್ರು, ನಾನೂ ಸುಮ್ಕಾದೆ ಕಣವ್ವ,” ಎನ್ನುತ್ತಾರೆ ಅವರು. “ಗಂಡಸ್ರ ಮುಂದೆ ಒಟ್ಟೆ ಕೆಟ್ಟದೆ ಅನ್ನೋದ್ಕಿಂತ ದೇವ್ರ ಎಸ್ರು ಏಳೋದೇ ಸಲೀಸು.”

ಡಾಕ್ಟರಿಗೆ ತೋರಿಸದ ಕಡೆಯಿಲ್ಲ. ಒಬ್ಬರು ಗ್ಲುಕೋಸ್ ಬಾಟಲಿ ಏರಿಸಿ ಕಳಿಸಿದರು. ಇನ್ನೊಬ್ಬರು ಏನೂ ಇಲ್ಲ, ಎಲ್ಲ ನಿನ್ನ ಮನಸ್ಸಿನದು ಎಂದು ತಲೆಯೆತ್ತದೆ ಬರೆದುಕೊಟ್ಟರು. ಇಲ್ಲದ ಕಾಯಿಲೆ ಹನ್ನೆರಡು ವರ್ಷ ಒಬ್ಬರನ್ನು ಹಿಂಡುವುದು ಹೇಗೆ ಎಂದು ಅವರಿಗೆ ಅನ್ನಿಸಲೇ ಇಲ್ಲ. ಚಿಕ್ಕಮಾದಮ್ಮನವರಿಗೆ ಈಗ ನಲವತ್ಮೂರು. ಕೆನ್ನೆ ಇಳಿದಿದೆ, ಕೂದಲು ಪೂರಾ ಬೆಳ್ಳಗಾಗಿದೆ. ಬಸ್ಸಿನಲ್ಲಿ ಕಂಡಕ್ಟರು, ಅವರಿಗಿಂತ ಹಿರಿಯನೇ, “ಅಜ್ಜೀ, ಒಳಕ್ಕೆ ನಡಿ” ಎನ್ನುತ್ತಾನೆ.

ಕಳೆದ ತಿಂಗಳು ಗುಂಪಿನ ಸಾಕಮ್ಮ ಅವರನ್ನು ತಿ. ನರಸೀಪುರದ ಡಾಕ್ಟರ್ ಪಲ್ಲವಿಯವರ ಹತ್ತಿರ ಹಟ ಮಾಡಿ ಕರೆದುಕೊಂಡು ಹೋದರು. ಈ ಸಾಕಮ್ಮನ ಬಾಯಿ ಬಲು ಜೋರು. ಆದರೆ ಚಿಕ್ಕಮಾದಮ್ಮ ನಾಟಿಯ ನಡುವೆ ಎದ್ದು ಹೋದಾಗ ಅವರ ಸಾಲು ಹಿಂದೆ ಬೀಳದ ಹಾಗೆ ಎರಡೂ ಸಾಲು ನೆಡುವವರು ಇವರೇ.

ಪಲ್ಲವಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೇಳಿಸಿಕೊಂಡರು. ಪರೀಕ್ಷೆ ಮಾಡಿಸಿದ ಮೇಲೆ, ಕರುಳಿನಲ್ಲಿ ಗಾಯವಿಲ್ಲ, ಆದರೆ ಕಾಯಿಲೆ ನಿಜ, ಐಬಿಎಸ್ ಎನ್ನುತ್ತಾರೆ, ಭಯ ಆತಂಕ ಹೆಚ್ಚಿದಷ್ಟೂ ಕರುಳು ರೇಗುತ್ತದೆ ಎಂದರು. ಇಷ್ಟು ಬೇಗ ಮುದುಕಿಯಾದೆನಲ್ಲ ಎಂಬ ಪ್ರಶ್ನೆಗೂ ನಗಲಿಲ್ಲ. ಮೈಯ ಜೀವಕೋಶಗಳೂ ಸವೆಯುತ್ತವೆ, ಅಂಚು ಹೊಲಿಯದ ಸೀರೆ ಎಳೆ ಬಿಟ್ಟ ಹಾಗೆ. ಬಹಳ ಕಾಲದ ಆತಂಕ ಆ ಸವೆತವನ್ನು ಬೇಗ ಮಾಡಬಹುದು ಎಂದು ಕೆಲವು ವಿಜ್ಞಾನಿಗಳಿಗೆ ಅನುಮಾನ. ಈ ಕಾಯಿಲೆಗೂ ಅದಕ್ಕೂ ನಂಟಿದೆಯೋ ಇಲ್ಲವೋ ಖಚಿತವಾಗಿ ಗೊತ್ತಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಹಸಿದಿರುವುದು ಮದ್ದಲ್ಲ. ಮೆತ್ತಗಿನ ಅನ್ನ, ಮಜ್ಜಿಗೆ, ಸ್ವಲ್ಪ ಸ್ವಲ್ಪವಾಗಿ, ಹೊತ್ತುಹೊತ್ತಿಗೆ. ಬೆಳಿಗ್ಗೆಯಂತೂ ಬಿಡಲೇಬಾರದು.

“ಅಂಗಾರೆ ನನ್ ಸೆರಗು ಬ್ಯಾಗ ಅರೀತಾ ಅದೆ ಅನ್ನಿ,” ಎಂದರಂತೆ ಚಿಕ್ಕಮಾದಮ್ಮ. ಅವರಿಗೆ ಬೇಕಾದದ್ದೇನು ಎಂದು ಕೇಳಿದರೆ ಗದ್ದೆಗೊಂದು ತೆಂಗಿನ ಗರಿಯ ಮರೆ, ಅಷ್ಟೇ. ಅದನ್ನು ಕೇಳಲೂ ನಾಚಿಕೆಪಡುತ್ತಾರೆ. ನಾಚಬೇಕಾದವರು ಅವರಲ್ಲ.

ಇಂದು ಶಂಭುಲಿಂಗಪ್ಪನವರ ಗದ್ದೆ. ಕಾಯಿ ಒಡೆದಾಗಿದೆ, ಪೈರಿನ ಕಂತೆಗಳು ಬದುವಿನ ಮೇಲಿವೆ. ಬಾರಮ್ಮ, ಹೊತ್ತಾಯಿತು ಎಂದು ಜಮೀನುದಾರರು ಕರೆಯುತ್ತಾರೆ. ಚಿಕ್ಕಮಾದಮ್ಮ ಬದು ಇಳಿಯುವುದಿಲ್ಲ.

“ಒಸಿ ಉಂಡು ಇಳೀತೀನಿ ಬುದ್ಧಿ,” ಎನ್ನುತ್ತಾರೆ. “ನಂದು ಒಪ್ಪೊತ್ತಲ್ಲ, ಕಾಯ್ಲೆ. ಯಾವತ್ತೂ ಒಪ್ಪೊತ್ತಾಗಿರ್ನಿಲ್ಲ.”

ಶಂಭುಲಿಂಗಪ್ಪನವರ ಮುಖ ಬಿಗಿಯುತ್ತದೆ. ಕವಲಂದೆ ಕಡೆಯ ಗುಂಪೊಂದು ಕೆಲಸ ಕೇಳಿಕೊಂಡು ಬಂದಿತ್ತು ಎಂದು ಗಾಳಿಗೆ ಹೇಳಿದ ಹಾಗೆ ಹೇಳುತ್ತಾರೆ. ಆಮೇಲೆ ಸಾಕಮ್ಮನ ಕಡೆ ತಿರುಗಿ, ನೀನಿನ್ನೂ ಉಂಡಿಲ್ಲ ತಾನೇ, ನೀನೇ ನೆಡು ಎನ್ನುತ್ತಾರೆ. ಇನ್ನು ಮುಂದೆ ಮುಂದಾಳು ನೀನೇ ಎಂದ ಹಾಗೆ.

“ಪೈರೇನು ನಮ್ ಒಟ್ಟೆ ಮುಟ್ಟಿ ನೋಡ್ಬುಟ್ಟು ಬೇರು ಬುಟ್ಟದಾ ಬುದ್ಧಿ?” ಎನ್ನುತ್ತಾರೆ ಸಾಕಮ್ಮ. “ಅವ್ಳು ಇಳೀದೆ ನಾವ್ಯಾರೂ ಇಳಿಯಕಿಲ್ಲ.”

ಯಾರೋ ಕಿಸಕ್ಕೆಂದು ನಗುತ್ತಾರೆ. ಒಬ್ಬರೂ ಕೆಸರಿಗೆ ಕಾಲಿಡುವುದಿಲ್ಲ. ಬಿಸಿಲು ಬದುವಿಗೆ ಬರುತ್ತಿದೆ, ಕಿತ್ತ ಪೈರಿನ ತುದಿ ಬಾಡತೊಡಗಿದೆ. ಶಂಭುಲಿಂಗಪ್ಪ ಅದನ್ನು ನೋಡುತ್ತಾರೆ, ನಾಲೆಯ ಕಡೆ ನೋಡುತ್ತಾರೆ. ಕೊನೆಗೆ ಟವಲು ಹಾಸಿಕೊಂಡು, ಇವರಿಗೆ ಬೆನ್ನು ಮಾಡಿ, ಕಾಯಲು ಕೂರುತ್ತಾರೆ.

ಸಾಕಮ್ಮ ಮಡಿಲಿನಿಂದ ಮುಚ್ಚಳದ ಡಬ್ಬಿಯೊಂದನ್ನು ತೆಗೆಯುತ್ತಾರೆ. ಮೆತ್ತಗೆ ಬೇಯಿಸಿದ ಅನ್ನ, ಮಜ್ಜಿಗೆ, ಒಂದು ಹರಳು ಉಪ್ಪು. ಮುಚ್ಚಳ ಬಿಚ್ಚಿ ಚಿಕ್ಕಮಾದಮ್ಮನವರ ಕೈಗಿಡುತ್ತಾರೆ.